ಪೌತಿ ಖಾತೆಗೆ 8,000 ಕೇಳುತ್ತಿದ್ದಾರೆ: ಕೊಟ್ಟು ಮುಗಿಸಬೇಕಾ, ನಿಂತು ಕೇಳಬೇಕಾ?

ಕೆರೆ ಏರಿ
ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಎರಡು ಎಕರೆ ಹತ್ತು ಗುಂಟೆ ಜಮೀನು ಇನ್ನೂ ಅವರ ಹೆಸರಿನಲ್ಲೇ ಇದೆ. ಮರಣ ಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್, ಎಲ್ಲ ಸೇರಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟಿದ್ದೇವೆ. ತಕರಾರು ಯಾರದ್ದೂ ಇಲ್ಲ. ಮನೆಯೊಳಗೂ ಇಲ್ಲ, ಹೊರಗೂ ಇಲ್ಲ.

ಮೂರು ಸಲ ಕಚೇರಿಗೆ ಹೋದೆ. ಒಂದು ಸಲ ಸಾಹೇಬರು ಇಲ್ಲ, ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ "ಮುಂದಿನ ವಾರ ನೋಡೋಣ". ನಾಲ್ಕನೇ ಸಲ ಹೋದಾಗ ಎದುರಿನ ಜೆರಾಕ್ಸ್ ಅಂಗಡಿಯವನು ಪಕ್ಕಕ್ಕೆ ಕರೆದು, 8,000 ಆದರೆ ಹತ್ತು ದಿನದಲ್ಲಿ ಆಗುತ್ತದೆ ಅಂದ. ಒಳಗಿನವರಿಗೂ ಅವನಿಗೂ ಏನು ಸಂಬಂಧ ಅಂತ ಕೇಳಿದರೆ ನಕ್ಕ.

ಅಣ್ಣ ಬೆಂಗಳೂರಿನಲ್ಲಿದ್ದಾನೆ. "ರಜೆ ಹಾಕಿ ಬಂದರೆ ಅದಕ್ಕಿಂತ ಜಾಸ್ತಿ ಖರ್ಚು, ಕೊಟ್ಟು ಮುಗಿಸು" ಅನ್ನುತ್ತಾನೆ. ಲೆಕ್ಕ ಹಾಕಿದರೆ ಅವನು ಹೇಳಿದ್ದು ಸರಿ. ಆದರೆ ಅಪ್ಪ ಬದುಕಿದ್ದಾಗ ಒಂದು ಪಹಣಿಗೂ ಕೈ ಬೆಚ್ಚಗೆ ಮಾಡಿದವರಲ್ಲ. ಅವರ ಹೆಸರು ತೆಗೆಸುವುದಕ್ಕೇ ಲಂಚ ಕೊಡುವುದೆಂದರೆ ಗಂಟಲಲ್ಲಿ ಇಳಿಯುತ್ತಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. ನಮ್ಮಂಥ ಸಾಮಾನ್ಯ ಜನ ಇಲ್ಲಿ ನಿಜವಾಗಿ ಏನು ಮಾಡಬಹುದು? ಭಾಷಣ ಬೇಡ, ಮಾಡಿ ನೋಡಿದವರು ಹೇಳಿ.

ದಾರಿಹೋಕ
ಕೊಟ್ಟು ಮುಗಿಸಿ. ಒಬ್ಬರಿಂದ ದೇಶ ಬದಲಾಗುವುದಿಲ್ಲ.

ಬಿಳಿಜೋಳ
ಒಬ್ಬರಿಂದ ಬದಲಾಗುವುದಿಲ್ಲ ಅಂತ ಎಲ್ಲರೂ ಒಬ್ಬೊಬ್ಬರೇ ಹೇಳಿಕೊಂಡು ಕೊಡುತ್ತಾ ಬಂದಿದ್ದಕ್ಕೇ ಇವತ್ತು ಜೆರಾಕ್ಸ್ ಅಂಗಡಿಯಲ್ಲಿ ರೇಟು ಹೇಳುತ್ತಿದ್ದಾರೆ. ಇವತ್ತು ನೀವು 8,000 ಕೊಟ್ಟರೆ ನಾಳೆ ಬರುವ ವಿಧವೆಗೂ ಅದೇ ರೇಟು.

ಹೊಂಗೆ ನೆರಳು
ಮೊದಲು ಒಂದು ಪ್ರಶ್ನೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೊಟ್ಟರಾ? ಅದರಲ್ಲಿ ಸಕಾಲ ಸಂಖ್ಯೆ ಇರುತ್ತದೆ, 15 ಅಂಕಿಯದು. ತಕರಾರಿಲ್ಲದ ಖಾತೆ ಬದಲಾವಣೆ ಸಕಾಲದ ಅಡಿಯಲ್ಲೇ ಬರುತ್ತದೆ. ಸಕಾಲ ಕಾನೂನು 2011ರದ್ದು, ಜಾರಿಗೆ ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು ಅಂತ ಬರೆದಿಟ್ಟಿದ್ದಾರೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದು ತಪ್ಪು ಮಾಡಿದ ಅಧಿಕಾರಿಯ ಸಂಬಳದಿಂದ ಹೋಗುತ್ತದೆ.

500 ರೂಪಾಯಿ ಯಾವ ಲೆಕ್ಕ ಅಂತ ಕೇಳಬೇಡಿ. ದುಡ್ಡು ಮುಖ್ಯ ಅಲ್ಲ. ಸಂಖ್ಯೆ ಇದ್ದರೆ ನಿಮ್ಮ ಫೈಲು ಎಷ್ಟು ದಿನದಿಂದ ಯಾರ ಹತ್ತಿರ ಕೂತಿದೆ ಅನ್ನುವುದು ಮೇಲಿನವರ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ಸಂಖ್ಯೆ ಇಲ್ಲದಿದ್ದರೆ ಅರ್ಜಿಯೇ ಬಂದಿಲ್ಲ ಅನ್ನಬಹುದು.

ಕೆರೆ ಏರಿ
ಚೀಟಿ ಕೊಡಲಿಲ್ಲ. "ಇಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡುತ್ತೇವೆ" ಅಂದರು. ನಾನು ಕೇಳಲೂ ಇಲ್ಲ.

ಹೊಂಗೆ ನೆರಳು
ಅಲ್ಲೇ ಎಡವಿದ್ದು. ನಾಳೆಯೇ ಹೋಗಿ ಚೀಟಿ ತಗೊಳ್ಳಿ. ಕೊಡುವುದಿಲ್ಲ ಅಂದರೆ ಅದೇ ಅರ್ಜಿಯ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ತಹಶೀಲ್ದಾರರ ಹೆಸರಿಗೆ ಕಳಿಸಿ. ಅಂಚೆ ಕಚೇರಿಯ ರಸೀದಿ ನಿಮ್ಮ ಸಾಕ್ಷಿ.

ರಾಗಿಮುದ್ದೆ
ಸುಮ್ನೆ ಎಸಿಬಿಗೆ, ಭ್ರಷ್ಟಾಚಾರ ನಿಗ್ರಹ ದಳಕ್ಕೆ, ದೂರು ಕೊಡಿ ಸಾರ್. ಎರಡು ದಿನದಲ್ಲಿ ಟ್ರ್ಯಾಪ್ ಮಾಡುತ್ತಾರೆ, ಲಂಚ ತಗೊಳ್ಳುವಾಗಲೇ ಹಿಡಿಯುತ್ತಾರೆ.

ಕಪ್ಪುಕೋಟು
ಎಸಿಬಿ ಈಗ ಇಲ್ಲ. 2016ರಲ್ಲಿ ಸರ್ಕಾರದ ಆದೇಶದಿಂದ ಹುಟ್ಟಿತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಈಗ ಲಂಚದ ಕೇಸು ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ. ಜಿಲ್ಲಾ ಕೇಂದ್ರದಲ್ಲಿರುವ ಲೋಕಾಯುಕ್ತ ಪೊಲೀಸ್ ಕಚೇರಿಗೆ ಹೋಗಬೇಕು.

ಇನ್ನೊಂದು ಮಾತು, ಇದನ್ನು ಎಲ್ಲರೂ ಗಮನ ಕೊಟ್ಟು ಓದಿ. ಲಂಚ ಕೊಟ್ಟವರಿಗೆ ಏನೂ ಆಗುವುದಿಲ್ಲ ಅಂತ ಇನ್ನೂ ತುಂಬ ಜನ ನಂಬಿದ್ದಾರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಈಗ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಜೈಲು ಆಗಬಹುದು. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಹಾಗೆ ತಿಳಿಸಿದರೆ ರಕ್ಷಣೆ ಇದೆ. ಮೊದಲೇ ತಿಳಿಸಿ, ಅವರು ಹೇಳಿದಂತೆ ಕೊಟ್ಟರೂ ರಕ್ಷಣೆ ಇದೆ. ಮನೆಗೆ ಬಂದು ಬೈದುಕೊಂಡು ಸುಮ್ಮನಾದರೆ ಇಲ್ಲ.

ಬಿಳಿಜೋಳ
ಇದು ನ್ಯಾಯವಾ? ಬಡವ ಕೊಡುವುದು ಖುಷಿಗಾ? ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಗು ತೋರಿಸಲು 500 ಕೇಳಿದರೆ ಆ ಅಜ್ಜಿ ಏಳು ದಿನದೊಳಗೆ ಯಾವ ಸಂಸ್ಥೆ ಹುಡುಕಿಕೊಂಡು ಹೋಗಬೇಕು?

ಕಪ್ಪುಕೋಟು
ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನನಗೂ ಆ ಏಳು ದಿನದ ಗಡುವು ಸರಿ ಕಾಣುವುದಿಲ್ಲ. ಹಿಂದಿನ ಕಾನೂನಿನಲ್ಲಿ ಕೊಟ್ಟವನು ಕೋರ್ಟಿನಲ್ಲಿ "ಹೌದು, ಕೊಟ್ಟೆ" ಅಂದರೆ ಆ ಹೇಳಿಕೆ ಅವನ ಮೇಲೇ ತಿರುಗದಂತೆ ಒಂದು ಸೆಕ್ಷನ್ ಇತ್ತು, ಅದನ್ನು ತೆಗೆದುಹಾಕಿದರು. ಬಾಯಿಬಿಡುವ ಜನ ಹೆದರಿದ್ದಾರೆ. ಆದರೆ ಇವತ್ತಿನ ಕಾನೂನು ಇದೇ, ಅದನ್ನು ತಿಳಿದುಕೊಂಡೇ ಹೆಜ್ಜೆ ಇಡಬೇಕು.

ಸೇವಂತಿಗೆ
ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಂಶವೃಕ್ಷದಲ್ಲಿ ಅಕ್ಕ ತಂಗಿಯರ ಹೆಸರು ಹಾಕಿದ್ದೀರಾ?

ಕೆರೆ ಏರಿ
ಒಬ್ಬಳು ತಂಗಿ ಇದ್ದಾಳೆ. ಹಾಕಿದ್ದೇವೆ. ಅಮ್ಮ, ಅಣ್ಣ, ನಾನು, ತಂಗಿ, ನಾಲ್ಕೂ ಹೆಸರಿದೆ.

ಸೇವಂತಿಗೆ
ಒಳ್ಳೆಯದಾಯಿತು. ಕೇಳಿದ್ದು ಯಾಕೆಂದರೆ ನಮ್ಮ ತವರಿನಲ್ಲಿ ಆಗಿದ್ದು ಇದರ ಉಲ್ಟಾ. ಅಲ್ಲಿ ಯಾರೂ ಲಂಚ ಕೇಳಲಿಲ್ಲ. ನಮ್ಮ ಮನೆಯವರೇ ಹೋಗಿ ಕೊಟ್ಟರು. ನನ್ನ ಮತ್ತು ಅಕ್ಕನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವುದಕ್ಕೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನು ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ಕಾಗದದಲ್ಲಿ ನಾವು ಹುಟ್ಟಿಯೇ ಇಲ್ಲ. ನನ್ನ ಮದುವೆಯಲ್ಲಿ ಊಟ ಬಡಿಸಿದ ಅಕ್ಕಪಕ್ಕದ ಮನೆಯವರೇ ಮಹಜರಿಗೆ ಸಹಿ ಹಾಕಿದ್ದರು.

ಭ್ರಷ್ಟಾಚಾರ ಅಂದರೆ ಟೇಬಲ್ಲಿನ ಆ ಕಡೆ ಕೂತವರದ್ದು ಮಾತ್ರ ಅನ್ನುವ ಹಾಗೆ ಇಲ್ಲಿ ಮಾತಾಡುತ್ತಿದ್ದೀರಿ. ಈ ಕಡೆ ನಿಂತವರೂ ಇದ್ದಾರೆ. ಸಹಿ ಹಾಕುವ ಮುಂಚೆ ಆ ಕಾಗದ ಓದಿದ್ದರೆ, ಒಬ್ಬರಾದರೂ "ಇವರಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರಲ್ಲ" ಅಂದಿದ್ದರೆ ಸಾಕಿತ್ತು. ನಾವು ಕೋರ್ಟು ಹತ್ತಬೇಕಾಗಿ ಬರುತ್ತಿರಲಿಲ್ಲ.

ಮಳೆಹುಡುಗಿ
ಓದಿ ಹೊಟ್ಟೆ ಉರಿಯಿತು ಅಕ್ಕ. ನಮ್ಮೂರಿನಲ್ಲೂ ಇದೇ ಕಥೆ.

ಹಳೇ ಗುಮಾಸ್ತ
ಸೇವಂತಿಗೆಯವರ ಮಾತಿನ ಹಿಂದೆ ನಾನೂ ಒಂದಿಷ್ಟು ಹೇಳುತ್ತೇನೆ. 31 ವರ್ಷ ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದು ರೂಪಾಯಿ ಮುಟ್ಟಿಲ್ಲ. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಹಾಗೆ ಇದ್ದವರು ನಮ್ಮಲ್ಲಿ ತುಂಬ ಜನ ಇದ್ದರು, ಈಗಲೂ ಇದ್ದಾರೆ. ಎಲ್ಲರನ್ನೂ ಒಂದೇ ಗೋಣಿಯಲ್ಲಿ ಕಟ್ಟಬೇಡಿ.

ನನ್ನ ಟೇಬಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ನಾನು ಕೇಳುವ ಮೊದಲೇ ಜೇಬಿಗೆ ಕೈ ಹಾಕುತ್ತಿದ್ದರು. "ಸಾರ್, ಸ್ವಲ್ಪ ಬೇಗ". ಅವರ ಹಿಂದೆ ಬೆಳಗ್ಗೆಯಿಂದ ಕಾದ ಮುದುಕರು ನಿಂತಿರುತ್ತಿದ್ದರು. ಬೇಡ ಅಂದರೆ ಇವರಿಗೆ ನಾನು ಕೆಲಸ ಮಾಡುವವನಲ್ಲ ಅನ್ನುವ ಅನುಮಾನ. ಒಬ್ಬರು ನೇರವಾಗಿ ಕೇಳಿದರು, "ಕಡಿಮೆ ಆಯಿತಾ ಸಾರ್?" ಅಂತ.

ಒಳಗಿನ ಕಷ್ಟವೂ ಇದೆ. ಕೈ ಚಾಚದವನನ್ನು ಒಳ್ಳೆಯ ಸೀಟಿನಲ್ಲಿ ಬಿಡುವುದಿಲ್ಲ. ನನಗೆ ಒಂಬತ್ತು ಸಲ ವರ್ಗ ಆಗಿದೆ. ದುಡ್ಡು ಕೊಟ್ಟು ಜಾಗ ಹಿಡಿದವನು ಆ ದುಡ್ಡನ್ನು ವಾಪಸ್ ತೆಗೆಯುವುದು ನಿಮ್ಮಿಂದಲೇ. ಹಾಗಾಗಿ ಕೌಂಟರಿನಲ್ಲಿ ಕೂತವನನ್ನು ಮಾತ್ರ ಹಿಡಿದರೆ ಬೇರು ಉಳಿಯುತ್ತದೆ.

ಬಿಳಿಜೋಳ
ಸಾರ್, ನಿಮ್ಮ ಮೇಲೆ ಗೌರವ ಇದೆ. ಆದರೆ "ಜನರೇ ಕೊಡುತ್ತಾರೆ" ಅನ್ನುವುದು ಅರ್ಧ ಸತ್ಯ. ನಾಲ್ಕು ಸಲ ಬಸ್ಸು ಹತ್ತಿಸಿ, ನಾಲ್ಕು ದಿನದ ಕೂಲಿ ಕಳೆದ ಮೇಲೆ ಐದನೇ ಸಲ ಅವನು ಜೇಬಿಗೆ ಕೈ ಹಾಕಿದರೆ ಅದನ್ನು ಒಪ್ಪಿಗೆ ಅನ್ನುತ್ತೀರಾ? ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ನೀವು ಪೈರನ್ನು ಬೈಯುತ್ತಿದ್ದೀರಿ.

ಹಳೇ ಗುಮಾಸ್ತ
ಕೂಲಿಯವನನ್ನು ಬೈದಿಲ್ಲ ತಾಯಿ. ಕಾರಿನಲ್ಲಿ ಬಂದು, ಸಾಲು ತಪ್ಪಿಸಲು ಕೊಡುವವನನ್ನು ಬೈದಿದ್ದು. ಇಬ್ಬರೂ ಬೇರೆ.

ಬಿಳಿಜೋಳ
ಹಾಗಾದರೆ ಒಪ್ಪಿದೆ.

ನೀಲಿ ಪೆನ್ನು
ಟ್ರ್ಯಾಪ್ ಬಗ್ಗೆ ಸುಲಭವಾಗಿ ಬರೆಯುತ್ತಿದ್ದೀರಿ, ಅದಕ್ಕೆ ನನ್ನ ಅನುಭವ ಹೇಳುತ್ತೇನೆ. ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ. ಊರು, ಇಲಾಖೆ ಹೇಳುವುದಿಲ್ಲ.

ಒಂದು ಸಣ್ಣ ಅಂಗಡಿಗೆ ಲೈಸೆನ್ಸ್ ಬೇಕಿತ್ತು. 5,000 ಕೇಳಿದರು. ನಾನು ಲೋಕಾಯುಕ್ತ ಪೊಲೀಸರ ಹತ್ತಿರ ಹೋದೆ. ಮೊದಲು ಅವರು ಒಂದು ಸಣ್ಣ ರೆಕಾರ್ಡರ್ ಕೊಟ್ಟು, "ಇನ್ನೊಮ್ಮೆ ಮಾತಾಡಿ ಬನ್ನಿ" ಅಂದರು. ನನ್ನ ಮಾತು ನಿಜವಾ ಅಂತ ನೋಡಲು. ಆಮೇಲೆ ಕೇಸು ದಾಖಲಾಯಿತು. ನೋಟು ನಾನೇ ತರಬೇಕಿತ್ತು. ಒಂದೊಂದೇ ನೋಟಿನ ನಂಬರು ಬರೆದುಕೊಂಡರು, ಬಿಳಿ ಪುಡಿ ಸವರಿದರು, ಫೀನಾಲ್ಫ್ತಲೀನ್ ಅಂತ. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ನೋಡಿ ಸಾಕ್ಷಿ ಹೇಳಲು, ಕರೆಸಿದ್ದರು. "ಅವರಾಗಿ ಕೇಳಿದರೆ ಮಾತ್ರ ಕೊಡಿ, ನೀವಾಗಿ ಕೊಡಬೇಡಿ" ಅಂತ ಹತ್ತು ಸಲ ಹೇಳಿದರು. ಕೇಳಿದರು, ಕೊಟ್ಟೆ, ಸನ್ನೆ ಮಾಡಿದೆ. ಎಲ್ಲರೂ ಒಳಗೆ ಬಂದರು. ಗಾಜಿನ ಲೋಟದಲ್ಲಿ ಸೋಡಿಯಂ ಕಾರ್ಬೊನೇಟಿನ ನೀರು, ಅದರಲ್ಲಿ ಅವರ ಬೆರಳು ಅದ್ದಿಸಿದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಬಣ್ಣ ಇವತ್ತಿಗೂ ಕಣ್ಣ ಮುಂದೆ ಇದೆ. ನನ್ನ ಕಾಲು ನಡುಗುತ್ತಿತ್ತು.

ಪೇಪರಿನಲ್ಲಿ ಸುದ್ದಿ ಅಲ್ಲಿಗೆ ಮುಗಿಯಿತು. ನನಗೆ ಅಲ್ಲಿಂದ ಶುರು. ಪ್ರಾಸಿಕ್ಯೂಷನ್‌ಗೆ ಮಂಜೂರಾತಿ ಬರಲು ಕಾಯಬೇಕು. ಆರೋಪಪಟ್ಟಿಗೆ ಕಾಯಬೇಕು. ನನ್ನನ್ನು ಸಾಕ್ಷಿಗೆ ಕರೆದಿದ್ದು ನಾಲ್ಕು ವರ್ಷ ಆದ ಮೇಲೆ. ಅಷ್ಟರಲ್ಲಿ ಎಷ್ಟು ಜನ ಮನೆಗೆ ಬಂದರು ಅಂತೀರಾ. ಅವರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಅತ್ತರು. ನಮ್ಮ ಸಂಬಂಧಿಕರೇ "ಮರೆತುಹೋಗಿದೆ ಅಂತ ಹೇಳು, ಪಾಪ ಸಂಸಾರಸ್ಥ" ಅಂದರು. ಊರಿನ ಒಬ್ಬ ಮುಖಂಡರು ಬಂದು, ಮುಂದೆ ಲೈಸೆನ್ಸ್ ನವೀಕರಣ ಆಗಬೇಕಲ್ಲಮ್ಮ ಅಂದರು. ಅತ್ತ ಮಕ್ಕಳ ಮುಖ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಮಾಡಿದವರು ಅವರು, ಪಾಪಪ್ರಜ್ಞೆ ನನಗೆ.

ಕೋರ್ಟಿನಲ್ಲಿ ಮೂರು ಗಂಟೆ ಕಟಕಟೆಯಲ್ಲಿ ನಿಲ್ಲಿಸಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಶಿಕ್ಷೆ ಆಯಿತು, ಈಗ ಮೇಲ್ಮನವಿಯಲ್ಲಿದೆ.

ಸಾರ್ವಜನಿಕರ ಪಾತ್ರ ಏನು ಅಂತ ಕೇಳಿದಿರಿ. ನನ್ನ ಪ್ರಕಾರ ದೂರು ಕೊಟ್ಟವರ ಮನೆ ಬಾಗಿಲಿಗೆ "ಪಾಪ ಬಿಟ್ಟುಬಿಡಿ" ಅಂತ ಹೋಗದಿರುವುದೇ ದೊಡ್ಡ ಪಾತ್ರ. ಆ ನಾಲ್ಕು ವರ್ಷದಲ್ಲಿ ನನ್ನ ಜೊತೆ ಕೋರ್ಟಿಗೆ ಬಂದವಳು ಪಕ್ಕದ ಟೈಲರ್ ಅಂಗಡಿಯವಳು ಒಬ್ಬಳೇ. ಅವಳು ಬರದಿದ್ದರೆ ನಾನು ಖಂಡಿತ ಹೇಳಿಕೆ ಬದಲಿಸಿ ತಿರುಗಿಬೀಳುತ್ತಿದ್ದೆ.

ಮಳೆಹುಡುಗಿ
ಕೈ ಮುಗಿಯುತ್ತೇನೆ ನಿಮಗೆ. ಆ ಟೈಲರ್ ಅಕ್ಕನಿಗೂ.

ಕಪ್ಪುಕೋಟು
ಇದನ್ನು ಪ್ರತಿ ಲಂಚದ ಕೇಸಿನಲ್ಲೂ ನೋಡುತ್ತೇವೆ. ದೂರುದಾರ ತಿರುಗಿಬಿದ್ದರೆ ಕೇಸು ಬಿತ್ತು ಅನ್ನುವ ಸ್ಥಿತಿ ಇತ್ತು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಕೇಸಿನಲ್ಲಿ ಒಂದು ಸ್ಪಷ್ಟ ಮಾತು ಹೇಳಿತು. ದೂರುದಾರ ಸತ್ತುಹೋದರೂ, ತಿರುಗಿಬಿದ್ದರೂ, ಬೇರೆ ಸಾಕ್ಷಿ ಸಂದರ್ಭಗಳಿಂದ ಲಂಚ ಕೇಳಿದ್ದು ಮತ್ತು ಪಡೆದದ್ದು ಸಾಬೀತಾದರೆ ಶಿಕ್ಷೆ ಕೊಡಬಹುದು. ಇದು ದೊಡ್ಡ ಬಲ. ಆದರೂ ನೀಲಿ ಪೆನ್ನು ಅವರ ಹಾಗೆ ನಿಂತು ಹೇಳುವ ಸಾಕ್ಷಿಗೆ ಸಮ ಯಾವುದೂ ಇಲ್ಲ.

ರಾಗಿಮುದ್ದೆ
ಲೋಕಾಯುಕ್ತರೇ ನೇರ ಕೆಲಸದಿಂದ ವಜಾ ಮಾಡಬಹುದಲ್ಲ? ವೆಂಕಟಾಚಲ ಅವರ ಕಾಲದಲ್ಲಿ ಟಿವಿಯಲ್ಲಿ ನೋಡುತ್ತಿದ್ದೆವು. ಆಸ್ಪತ್ರೆಗೆ, ಕಚೇರಿಗೆ ನುಗ್ಗಿ ನಿಲ್ಲಿಸಿ ಕೇಳುತ್ತಿದ್ದರು.

ಹಳೇ ಗುಮಾಸ್ತ
ಇಲ್ಲ, ಲೋಕಾಯುಕ್ತರು ತನಿಖೆ ಮಾಡಿ ಶಿಫಾರಸು ಮಾಡುತ್ತಾರೆ. ವಜಾ ಮಾಡುವುದು ಸರ್ಕಾರ. ಅಲ್ಲೇ ಫೈಲು ಮಲಗುವುದು. ಆದರೆ ವೆಂಕಟಾಚಲ ಅವರ ಕಾಲ, 2001ರಿಂದ 2006, ಬೇರೆಯೇ ಇತ್ತು ನಿಜ. ಅವರು ಬರುತ್ತಾರೆ ಅನ್ನುವ ಸುದ್ದಿಗೇ ಕಚೇರಿಯಲ್ಲಿ ಎಲ್ಲರೂ ಸೀಟಿನಲ್ಲಿ ಇರುತ್ತಿದ್ದರು. ಜನರಿಗೂ ಧೈರ್ಯ ಬಂದಿತ್ತು, "ಲೋಕಾಯುಕ್ತಕ್ಕೆ ಹೇಳುತ್ತೇನೆ" ಅಂತ ಕೌಂಟರಿನಲ್ಲೇ ಅನ್ನುತ್ತಿದ್ದರು. ದೂರಿಗೆ ಒಂದು ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ ಕೊಡಬೇಕು. ಸುಳ್ಳು ದೂರು ಕೊಟ್ಟರೆ ಶಿಕ್ಷೆಯೂ ಇದೆ, ಅದು ನೆನಪಿರಲಿ.

ಹೊಲದ ಬದು
ನೀವೆಲ್ಲ ತಾಲ್ಲೂಕು ಕಚೇರಿ, ಲೋಕಾಯುಕ್ತ ಅಂತ ಮಾತಾಡುತ್ತಿದ್ದೀರಿ. ನಾನು ಊರಿನ ಮಾತು ಹೇಳುತ್ತೇನೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಅಂತ ನಡೆಯಬೇಕು, ಎಷ್ಟು ಜನಕ್ಕೆ ಗೊತ್ತು? ಹಿಂದಿನ ವರ್ಷದ ಲೆಕ್ಕ, ಮಾಡಿದ ಕಾಮಗಾರಿ, ಎಲ್ಲವನ್ನೂ ಜನರ ಎದುರು ಇಟ್ಟು ತಾಳೆ ನೋಡುವುದು. ನಮ್ಮೂರಿನಲ್ಲಿ ಅದು ಕಾಗದದಲ್ಲಿ ಮಾತ್ರ ನಡೆಯುತ್ತಿತ್ತು. ಹಾಜರಿ ಪುಸ್ತಕ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಿತ್ತು. ನಾವೂ ಹಾಕುತ್ತಿದ್ದೆವು.

ಒಂದು ವರ್ಷ ನಮ್ಮ ಕೇರಿಯ ಚರಂಡಿ ಮೊದಲ ಮಳೆಗೇ ಕುಸಿಯಿತು. ಐದು ಜನ ಸೇರಿ ಮಾಹಿತಿ ಹಕ್ಕಿನಲ್ಲಿ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಕೇಳಿದೆವು. ಬಂದ ಕಾಗದದಲ್ಲಿ ಚರಂಡಿ 180 ಮೀಟರ್. ಟೇಪು ಹಿಡಿದು ಅಳೆದರೆ 112. ಗ್ರಾಮಸಭೆಯಲ್ಲಿ ಜಗಳ ಮಾಡಲಿಲ್ಲ. ಅಳತೆ ಪುಸ್ತಕದ ಆ ಪುಟವನ್ನು ಜೋರಾಗಿ ಓದಿದೆವು, ಅಷ್ಟೇ. ಆಮೇಲೆ "ಎಲ್ಲರೂ ಬನ್ನಿ, ಹೋಗಿ ಅಳೆಯೋಣ" ಅಂದೆವು. ಹೆಂಗಸರು, ಮಕ್ಕಳು, ಎಲ್ಲರೂ ಎದ್ದರು. ಒಂದು ತಿಂಗಳಲ್ಲಿ ಉಳಿದ ಚರಂಡಿ ಆಯಿತು. ಕೇಸು ಆಗಲಿಲ್ಲ, ಯಾರಿಗೂ ಶಿಕ್ಷೆ ಆಗಲಿಲ್ಲ, ಅದು ನನಗೆ ಇನ್ನೂ ಬೇಸರ. ಆದರೆ ಆ ವರ್ಷದಿಂದ ಹಾಜರಿ ಪುಸ್ತಕ ಮನೆಗೆ ಬರುತ್ತಿಲ್ಲ, ನಾವೇ ಸಭೆಗೆ ಹೋಗುತ್ತೇವೆ.

ಕಡಲೆಕಾಯಿ
ರಾಜಸ್ಥಾನದಲ್ಲಿ ಅರುಣಾ ರಾಯ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮಾಡಿದ್ದು ಇದನ್ನೇ. 1994ರಲ್ಲಿ ಊರೂರಿನಲ್ಲಿ ಜನಸುನವಾಯಿ, ಅಂದರೆ ಜನರ ಎದುರಿನ ವಿಚಾರಣೆ, ಶುರು ಮಾಡಿದರು. ಕೂಲಿ ಹಾಜರಿ ಪಟ್ಟಿಯನ್ನು ಊರ ಮಧ್ಯೆ ಓದುವುದು. ಸತ್ತವರ ಹೆಸರಿನಲ್ಲೂ ಕೂಲಿ ಹೋಗಿರುತ್ತಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ನಮ್ಮ ದುಡ್ಡು, ನಮ್ಮ ಲೆಕ್ಕ ಅನ್ನುವುದು ಅವರ ಕೂಗು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಕೂಲಿಕಾರರ ಧರಣಿಯಲ್ಲಿದೆ. ನಾವು ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕುವಾಗ ಇದನ್ನು ಮರೆಯುತ್ತೇವೆ.

ದಾರಿಹೋಕ
ಎಲ್ಲ ಕೇಳಲು ಚೆನ್ನಾಗಿದೆ. ನಾನೂ 2011ರಲ್ಲಿ ಅಣ್ಣಾ ಹಜಾರೆ ಉಪವಾಸದ ಸಮಯದಲ್ಲಿ ಫ್ರೀಡಂ ಪಾರ್ಕಿನಲ್ಲಿ ಮೇಣದಬತ್ತಿ ಹಿಡಿದು ನಿಂತವನು. ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಏನಾಯಿತು? ಲೋಕಪಾಲ್ ಕಾನೂನು 2013ರಲ್ಲಿ ಬಂತು, ಮೊದಲ ಲೋಕಪಾಲರು ನೇಮಕವಾಗಲು 2019 ಆಗಬೇಕಾಯಿತು. ಅದಕ್ಕೇ ನಾನು ಮೇಲೆ ಹಾಗೆ ಬರೆದಿದ್ದು. ಕೊಬ್ಬಿನಿಂದ ಅಲ್ಲ, ಸೋತು.

ಬಿಳಿಜೋಳ
ಅಣ್ಣ, ಅದೇ 2011ರಲ್ಲಿ ನಮ್ಮಲ್ಲೇ ಬೇರೊಂದು ಆಗಿದ್ದು ನೆನಪಿಲ್ವಾ? ಬಳ್ಳಾರಿಯ ಅಕ್ರಮ ಗಣಿ. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರಡು ವರ್ಷ ಕಾಗದ, ನಕ್ಷೆ, ಗಡಿ ಕಲ್ಲು ಅಂತ ಅಲೆದರು. 2011ರ ಜುಲೈನಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು. ಅದೇ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ ಬಂತು. ಕೆಂಪು ಧೂಳಿನಲ್ಲಿ ಸಾಲುಸಾಲಾಗಿ ಹೋಗುತ್ತಿದ್ದ ಲಾರಿಗಳು ನಿಂತವು. ನಾನು ಆ ಕಡೆಯವಳು, ಕಣ್ಣಾರೆ ಕಂಡಿದ್ದೇನೆ. ಹತ್ತಿ ಬೆಳೆಯ ಮೇಲೆ ಧೂಳು ಕೂತು ಹತ್ತಿ ಕೆಂಪಾಗುತ್ತಿತ್ತು.

ಒಂದು ದಿನ ನಿಂತಿದ್ದಕ್ಕೆ ಫಲ ಸಿಗಲಿಲ್ಲ ಅಂತ ಸೋತೆ ಅನ್ನಬೇಡಿ. ಅವರು ವರ್ಷಗಟ್ಟಲೆ ಹಿಡಿದ ಕಾಗದ ಬಿಡಲಿಲ್ಲ.

ದಾರಿಹೋಕ
ಸರಿ. ಅದು ನನಗೆ ಹೊಳೆದಿರಲಿಲ್ಲ.

ಸಾಗರದಾಚೆ
ನಾನು ಆರು ವರ್ಷ ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿದವನು. ಅಲ್ಲಿನ ಹಿರಿಯ ಸಹೋದ್ಯೋಗಿಗಳು 60-70ರ ದಶಕದ ಕಥೆ ಹೇಳುತ್ತಿದ್ದರು. ಆಂಬುಲೆನ್ಸ್‌ನವರು ರೋಗಿಯನ್ನು ಹತ್ತಿಸಿಕೊಳ್ಳುವ ಮೊದಲು ಚಹಾ ಕಾಸು ಕೇಳುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಒಂದು ಲೋಟ ನೀರಿಗೂ ಕೊಡಬೇಕಿತ್ತು. ನಮ್ಮ ಕಥೆಯೇ ಅನ್ನಿಸಲಿಲ್ವಾ?

1973ರಲ್ಲಿ ಗಾಡ್ಬರ್ ಎಂಬ ದೊಡ್ಡ ಪೊಲೀಸ್ ಅಧಿಕಾರಿ ತನಿಖೆ ನಡೆಯುತ್ತಿರುವಾಗಲೇ ಬ್ರಿಟನ್‌ಗೆ ಓಡಿಹೋದ. ವಿದ್ಯಾರ್ಥಿಗಳು, ಜನ ಬೀದಿಗೆ ಬಂದರು. ಭ್ರಷ್ಟಾಚಾರದ ವಿರುದ್ಧ ಹೋರಾಡಿ, ಗಾಡ್ಬರ್‌ನನ್ನು ಹಿಡಿಯಿರಿ, ಇದೇ ಘೋಷಣೆ. ಮರುವರ್ಷ ಪೊಲೀಸರಿಂದ ಪೂರ್ತಿ ಬೇರೆಯಾದ ಒಂದು ಆಯೋಗ ಹುಟ್ಟಿತು. 1975ರಲ್ಲಿ ಅವನನ್ನು ವಾಪಸ್ ಕರೆತಂದು ನಾಲ್ಕು ವರ್ಷ ಜೈಲಿಗೆ ಹಾಕಿದರು. ಆ ಆಯೋಗದಲ್ಲಿ ತನಿಖೆಗೆ ಒಂದು ವಿಭಾಗ ಇದ್ದ ಹಾಗೆ ಜನರ ಜೊತೆ ಮಾತಾಡಲೆಂದೇ ಒಂದು ವಿಭಾಗ ಇದೆ. ಶಾಲೆ, ವಸತಿ ಸಮುಚ್ಚಯ, ಅಂಗಡಿ ಬೀದಿಗೆ ಅವರೇ ಹೋಗುತ್ತಾರೆ. ಇವತ್ತು ಅಲ್ಲಿ ಹೆಚ್ಚಿನ ಜನ ಹೆಸರು ಹಾಕಿಯೇ ದೂರು ಕೊಡುತ್ತಾರೆ. ನಮ್ಮಲ್ಲಿ ಹೆಸರು ಹಾಕಲು ಹೆದರುವುದು ಜನರ ಹೇಡಿತನದಿಂದ ಅಲ್ಲ. ಕೇಳುವ ಕಿವಿ ಹತ್ತಿರ ಇಲ್ಲ.

ರಾಗಿಮುದ್ದೆ
ಹೆದರಲು ಕಾರಣವೂ ಇದೆ. ಸತ್ಯೇಂದ್ರ ದುಬೆ ನೆನಪಿದೆಯಾ? ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು, ಅದು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ಮಾಹಿತಿದಾರರ ರಕ್ಷಣೆಗೆ 2014ರಲ್ಲಿ ಕಾನೂನು ಮಾಡಿದರು, ಜಾರಿಗೆ ತರಲೇ ಇಲ್ಲ. ಹೀಗಿರುವಾಗ ಒಬ್ಬರೇ ಮುಂದೆ ಹೋಗಿ ಅಂತ ನಾನು ಯಾರಿಗೂ ಹೇಳಲಾರೆ.

ಹೊಲದ ಬದು
ಅದಕ್ಕೇ ನಾವು ಐದು ಜನ ಸಹಿ ಹಾಕಿದ್ದು. ಯಾರನ್ನು ಹೆದರಿಸಬೇಕು ಅಂತ ಅವರಿಗೆ ಗೊತ್ತಾಗಲಿಲ್ಲ.

ಮಳೆಹುಡುಗಿ
ಓಟಿಗೆ ದುಡ್ಡು ತಗೊಳ್ಳುವವರ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ಕಳೆದ ಚುನಾವಣೆಗೆ ಕುಕ್ಕರ್ ಹಂಚಿದರು. ತಗೊಂಡವರೇ ಈಗ ರಸ್ತೆ ಗುಂಡಿ ಬಗ್ಗೆ ಬೈಯುತ್ತಾರೆ.

ಹಳೇ ಗುಮಾಸ್ತ
ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಸ್ಥಳದಲ್ಲೇ ಫೋಟೊ ತೆಗೆದು ಹಾಕಿದರೆ 100 ನಿಮಿಷದಲ್ಲಿ ಕ್ರಮ ಆಗಬೇಕು. ಹೆಸರು ಹೇಳದೆಯೂ ಕಳಿಸಬಹುದು. ನಾನು ಒಮ್ಮೆ ಹಾಕಿದ್ದೆ, ಜೀಪು ನಿಜಕ್ಕೂ ಬಂತು.

ಸೇವಂತಿಗೆ
ಕುಕ್ಕರ್ ತಗೊಂಡ ಬಡ ಹೆಂಗಸಿಗೆ ಪ್ರಶ್ನೆ ಕೇಳುವ ಹಕ್ಕು ಹೋಗುವುದಿಲ್ಲ. ಕೊಟ್ಟವನು ಎಲ್ಲಿಂದ ತಂದ ಅಂತ ಅವಳೇ ಕೇಳಬೇಕು.

ಹೊಂಗೆ ನೆರಳು
ಮೂಲ ವಿಷಯಕ್ಕೆ ಬರೋಣ. ಕೆರೆ ಏರಿ ಅವರೇ, ಚೀಟಿ ಸಿಕ್ಕ ಮೇಲೆ ಒಂದು ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಯಾಕೆ ಆಗಿಲ್ಲ ಅಂತ ಕೇಳಬೇಡಿ, "ಯಾಕೆ" ಎಂಬುದಕ್ಕೆ ಉತ್ತರ ಕೊಡಬೇಕಿಲ್ಲ ಅಂತ ಜಾರಿಕೊಳ್ಳುತ್ತಾರೆ. ಹೀಗೆ ಕೇಳಿ: ಇಂಥ ದಿನದ ಇಂಥ ಸಂಖ್ಯೆಯ ಅರ್ಜಿ ಯಾವ ದಿನ ಯಾವ ಅಧಿಕಾರಿಯ ಬಳಿಗೆ ಹೋಯಿತು, ಅವರ ಬಳಿ ಎಷ್ಟು ದಿನ ಇತ್ತು, ಅವರ ಪದನಾಮ ಏನು, ಟಿಪ್ಪಣಿ ಹಾಳೆಯ ಪ್ರತಿ ಕೊಡಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ, ಆಮೇಲೆ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ವರೆಗೆ ದಂಡ ಹಾಕಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು.

ಕಪ್ಪುಕೋಟು
ಒಂದು ಸೇರಿಸುತ್ತೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉದ್ದ ಬರೆದು ಅರ್ಜಿ ವಾಪಸ್ ಬಂದಿದ್ದು ತುಂಬ ನೋಡಿದ್ದೇನೆ. ನಿಮ್ಮ ನೋವನ್ನೆಲ್ಲ ಅದರಲ್ಲಿ ಬರೆಯಬೇಡಿ.

ನೀಲಿ ಪೆನ್ನು
ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಇದನ್ನು ಮಾತ್ರ ಮರೆಯಬೇಡಿ.

ಕೆರೆ ಏರಿ
ಐದು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ ಹಾಗೆ ಜೊತೆಗೆ ಯಾರಾದರೂ ಬರುತ್ತಾರಾ ಅಂತ ಊರಿನಲ್ಲಿ ಕೇಳಿ ನೋಡಿದೆ. ಪೌತಿ ಖಾತೆ ಆಗದೆ ಕೂತವರು ನಮ್ಮೂರಿನಲ್ಲೇ ಇನ್ನೂ ಮೂರು ಮನೆಯವರು ಇದ್ದರು. ಒಬ್ಬರಿಗೊಬ್ಬರು ಹೇಳಿಕೊಂಡೇ ಇರಲಿಲ್ಲ, ಎಲ್ಲರಿಗೂ ಅದೇ ಜೆರಾಕ್ಸ್ ಅಂಗಡಿ. ನಾಲ್ಕೂ ಮನೆಯವರು ಒಟ್ಟಿಗೆ ಹೋದೆವು. ಅಮ್ಮನೂ ಬಂದರು.

ಕೌಂಟರಿನಲ್ಲಿ ಸಕಾಲ ಚೀಟಿ ಕೇಳಿದೆವು. ಮೊದಲು ಸರ್ವರ್ ಇಲ್ಲ ಅಂದರು. ಬರುವವರೆಗೆ ಕೂರುತ್ತೇವೆ ಅಂತ ಬೆಂಚಿನ ಮೇಲೆ ಕೂತೆವು. ಕೂಗಾಡಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ಚೀಟಿ ಬಂತು, ನಾಲ್ಕರಲ್ಲೂ ಸಂಖ್ಯೆ ಇತ್ತು. ಮರುದಿನ ಮಾಹಿತಿ ಹಕ್ಕು ಅರ್ಜಿ ಪೋಸ್ಟ್ ಮಾಡಿದೆ, 118 ಪದ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ, ಆದರೆ ಹದಿನೈದನೇ ದಿನಕ್ಕೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಣೆ ಮಾಡಿಕೊಂಡು ಹೋದರು. ನಮ್ಮದೂ ಇನ್ನೊಂದು ಮನೆಯದೂ ತಕರಾರಿದ್ದರೆ ಹೇಳಿ ಅನ್ನುವ ನೋಟಿಸ್ ಅವಧಿಗೆ ಬಂದಿದೆ. ಉಳಿದ ಎರಡು ಇನ್ನೂ ಅಲ್ಲೇ ಇವೆ. ಒಂದರಲ್ಲಿ ಮಗಳ ಹೆಸರು ಬಿಟ್ಟುಹೋಗಿದೆ, ಅದನ್ನು ಸರಿ ಮಾಡಿಸಿ ಅಂತ ಸೇವಂತಿಗೆಯವರ ಮಾತನ್ನೇ ಅವರಿಗೆ ಓದಿ ಹೇಳಿದೆ. ಒಪ್ಪಿದ್ದಾರೆ.

ದೂರು ಕೊಡುವ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ. ಅಂಗಡಿಯವನ ಮಾತನ್ನು ನಾನು ರೆಕಾರ್ಡ್ ಮಾಡಿರಲಿಲ್ಲ. ಆದರೆ ಆ ಮೂರು ಮನೆಯವರಲ್ಲಿ ಒಬ್ಬರು, "ಇನ್ನೊಮ್ಮೆ ಕೇಳಿದರೆ ನಾನು ಲೋಕಾಯುಕ್ತಕ್ಕೆ ಬರುತ್ತೇನೆ, ನೀನು ಕೋರ್ಟಿಗೆ ಜೊತೆಗೆ ಬರುತ್ತೀಯಾ" ಅಂದರು. ಬರುತ್ತೇನೆ ಅಂದಿದ್ದೇನೆ.

ನೀಲಿ ಪೆನ್ನು
ಹೋಗುವ ಮೊದಲು ನನಗೆ ಬರೆಯಿರಿ. ಪೂರ್ತಿ ಹೇಳುತ್ತೇನೆ, ಮೊದಲ ದಿನದಿಂದ.

ದಾರಿಹೋಕ
ನನ್ನ ಅತ್ತೆಯ ಸಂಧ್ಯಾ ಸುರಕ್ಷಾ ಪಿಂಚಣಿ ಎಂಟು ತಿಂಗಳಿಂದ ನಿಂತಿದೆ. ಅದಕ್ಕೂ ಸಕಾಲ ಸಂಖ್ಯೆ ಬರುತ್ತದಾ? ಗೊತ್ತಿದ್ದವರು ಹೇಳಿ. ಸೋಮವಾರ ನಾನೇ ಅವರನ್ನು ಕರೆದುಕೊಂಡು ಹೋಗುತ್ತೇನೆ.